ಕೆಂಡದ ಹೊಗೆ ಯಾರ ಪಾಲಿಗೆ?



ಹೊಗೆ ಮಲೆನಾಡಿಗೆ ಹೊಸತಲ್ಲ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ, ಏಲಕ್ಕಿ ಒಣಗಿಸುವ ಗೂಡು ಇವುಗಳ ಹೊಗೆಯ ನಡುವೆಯೇ ಇಲ್ಲಿಯ ತಲೆಮಾರುಗಳು ಬದುಕಿವೆ. ಈಗ ಆ ಸಾಲಿಗೆ ಇನ್ನೊಂದು ಸೇರಿದೆ: ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಹೋಂಸ್ಟೇ ಅಂಗಳಗಳಲ್ಲಿ ಸಂಜೆಯಾದೊಡನೆ ಹೊತ್ತಿಕೊಳ್ಳುವ ಬಾರ್ಬೆಕ್ಯೂ. ‘ಬಯಲಿನ ಬೆಂಕಿಯಿಂದ ಯಾರಿಗೇನು ತೊಂದರೆ?’ ಎಂಬ ಮಾತನ್ನು ಒರೆಗೆ ಹಚ್ಚಬೇಕಾಗಿದೆ.

ಮಾಂಸದ ಕೊಬ್ಬು ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿದಾಗ ಪೂರ್ಣವಾಗಿ ಉರಿಯದೆ ಹೊಗೆಯಾಗುತ್ತದೆ. ಅದರಲ್ಲಿ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳೆಂಬ ರಾಸಾಯನಿಕಗಳಿರುತ್ತವೆ. ಅವುಗಳಲ್ಲೊಂದಾದ ಬೆಂಜೊಪೈರೀನ್, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿದೆ. ಜೊತೆಗೆ, 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಉಬ್ಬಸ, ಹೃದಯದ ಕಾಯಿಲೆಗಳನ್ನು ಉಲ್ಬಣಗೊಳಿಸುತ್ತವೆ. ಇಂಥ ಕಣಗಳು ದಿನದ ಸರಾಸರಿಯಲ್ಲಿ ಘನಮೀಟರ್ ಗಾಳಿಗೆ 15 ಮೈಕ್ರೊಗ್ರಾಂ ಮೀರಬಾರದೆಂದು ಅದೇ ಸಂಸ್ಥೆ 2021ರಲ್ಲಿ ಸೂಚಿಸಿತು.

ಮೂಗು ಮುಚ್ಚಿಕೊಂಡ ಮಾತ್ರಕ್ಕೆ ರಕ್ಷಣೆಯಿಲ್ಲ. ಬಾರ್ಬೆಕ್ಯೂ ಹೊಗೆಯ ಈ ರಾಸಾಯನಿಕಗಳು ಉಸಿರಿಗಿಂತ ಹೆಚ್ಚಾಗಿ ಚರ್ಮದ ಮೂಲಕವೇ ದೇಹ ಸೇರಬಲ್ಲವೆಂದು ಚೀನಾದ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದರು. ಬಟ್ಟೆ ಕೆಲಹೊತ್ತು ತಡೆಯುತ್ತದೆ. ಹೊಗೆ ಹೀರಿಕೊಂಡ ಬಟ್ಟೆಯೇ ಅನಂತರ ಚರ್ಮಕ್ಕೆ ವಿಷವನ್ನು ದಾಟಿಸುತ್ತದೆ.

ಅತಿಥಿ ಒಂದೆರಡು ಸಂಜೆ ಕುಳಿತೆದ್ದು ಊರಿಗೆ ಮರಳುತ್ತಾನೆ. ಕೆಂಡಕ್ಕೆ ಗಾಳಿ ಹಾಕುವ ಹುಡುಗ ಮಾತ್ರ ಮರುದಿನವೂ ಅದೇ ಒಲೆಯ ಮುಂದೆ, ಬಹುಶಃ ಅದೇ ಅಂಗಿಯಲ್ಲಿ ನಿಂತಿರುತ್ತಾನೆ. ಅಪಾಯವನ್ನು ನಿರ್ಧರಿಸುವುದು ಹೊಗೆಯ ದಟ್ಟಣೆ ಮತ್ತು ಅದರಲ್ಲಿ ಕಳೆದ ಹೊತ್ತು; ಇವೆರಡೂ ಅವನ ಪಾಲಿಗೇ ಹೆಚ್ಚು. ಚಳಿಗಾಲದ ರಾತ್ರಿ ಕಣಿವೆಯ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುವುದರಿಂದ ಹೊಗೆ ಮೇಲೇರದೆ ಕೆಳಗಿನ ಮನೆಗಳ ಕಡೆಗೂ ಹರಡುತ್ತದೆ.

ಪರಿಹಾರ ಕಷ್ಟವಲ್ಲ. ಹಸಿ ಸೌದೆ, ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್ ಒಲೆಗೆ ಬೀಳಬಾರದು. ಇದ್ದಿಲು ಬೂದಿ ಹಿಡಿದು ಕೆಂಪಾದ ಮೇಲೆ ಮಾಂಸವಿಡಬೇಕು. ಕೊಬ್ಬು ತೆಗೆದು, ಮೊದಲೇ ಅರೆಬೇಯಿಸಿ, ಬಾಳೆಲೆಯಲ್ಲಿ ಸುತ್ತಿ ಸುಟ್ಟರೆ ಹೊಗೆ ತಗ್ಗುತ್ತದೆ. ಒಲೆ ನೋಡಿಕೊಳ್ಳುವವರು ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲಬೇಕು, ಸರದಿಯಂತೆ ಬದಲಾಗಬೇಕು. ಕೆಲಸ ಮುಗಿದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಲು ಅನುಕೂಲವಿರಬೇಕು. ಉಳಿದ ಕೆಂಡವನ್ನು ಚಳಿಗೆಂದು ಕೋಣೆಯೊಳಗಾಗಲಿ ಡೇರೆಯೊಳಗಾಗಲಿ ಒಯ್ಯಲೇಬಾರದು. ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ವಿದ್ಯಾರ್ಥಿಗಳು ತಮ್ಮೂರಿನ ಇಂಥ ಒಂದು ಅಂಗಳಕ್ಕೆ ಹೋಗಿ, ಒಲೆಯ ಬಳಿ ಯಾರು, ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತಾರೆಂದು ಬರೆದಿಡಲಿ. ಆ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಊಟದ ಬೆಲೆಯಲ್ಲಿ ಇದ್ದಿಲಿನ ಖರ್ಚು ಸೇರಿರುತ್ತದೆ. ಇನ್ನೊಬ್ಬನ ಉಸಿರಿನ ಖರ್ಚನ್ನೂ ಲೆಕ್ಕಕ್ಕೆ ತರುವ ಕಾಲ ಬಂದಿದೆ.