ಸಂಬಳ ಹೆಚ್ಚಿಸಿ ಎಂದು ಕೇಳುವುದು ಯಾಚನೆಯಲ್ಲ



ಅಲ್ಲಾಹನ ಸ್ತುತಿ ಮತ್ತು ಪ್ರವಾದಿ(ಸ)ರ ಮೇಲೆ ಸಲಾತ್ ಸಲಾಮ್‌ಗಳ ಬಳಿಕ, ಈ ವಾರ ಅಂಗಡಿಯ ಗಲ್ಲಾದ ಹತ್ತಿರದ ಮಾತೊಂದನ್ನು ಎತ್ತಿಕೊಳ್ಳುತ್ತೇವೆ. ಭಟ್ಕಳದ ಬಟ್ಟೆ ಅಂಗಡಿಯಿರಲಿ, ಹೊನ್ನಾವರದ ಮೀನಿನ ವ್ಯಾಪಾರವಿರಲಿ, ಕುಮಟಾದ ಹೋಟೆಲಿರಲಿ, ನಾಲ್ಕೈದು ವರ್ಷಗಳಿಂದ ಒಂದೇ ಸಂಬಳದಲ್ಲಿ ದುಡಿಯುವವರು ನಮ್ಮ ನಡುವೆ ಇದ್ದಾರೆ. ಅಕ್ಕಿ, ಗ್ಯಾಸ್, ಮಕ್ಕಳ ಫೀಸು ಯಾವುದೂ ಅವರಿಗಾಗಿ ನಿಂತಿಲ್ಲ. ಧಣಿಗಳ ಹತ್ತಿರ ಕೇಳಿದಿರಾ ಎಂದರೆ, "ಹೇಗೆ ಕೇಳುವುದು ಮೌಲಾನಾ? ಅವರು ನಮ್ಮ ಜಮಾಅತಿನವರೇ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಸಹಾಯ ಮಾಡಿದವರು" ಎಂಬ ಉತ್ತರ ಬರುತ್ತದೆ. ಉಪಜೀವನ ಕೊಡುವವನು ಅಲ್ಲಾಹನು, ಮನುಷ್ಯನ ಹತ್ತಿರ ಕೇಳುವುದು ತವಕ್ಕುಲ್‌ಗೆ ವಿರುದ್ಧ ಎನ್ನುವವರೂ ಇದ್ದಾರೆ.

ಹಾಗೆ ಸುಮ್ಮನಿದ್ದವರು ಕೊನೆಗೆ ಏನು ಮಾಡುತ್ತಾರೆ? ಒಬ್ಬ ಹೆಂಡತಿಯ ಬಂಗಾರ ಅಡವಿಟ್ಟು ವೀಸಾ ಮಾಡಿಸಿ ಗಲ್ಫಿಗೆ ಹೊರಡುತ್ತಾನೆ. ಇನ್ನೊಬ್ಬ ಗಲ್ಲಾಕ್ಕೆ ಕೈಹಾಕಿ, ಇದು ನನ್ನ ಹಕ್ಕೇ ಎಂದು ತನಗೆ ತಾನೇ ಫತ್ವಾ ಕೊಟ್ಟುಕೊಳ್ಳುತ್ತಾನೆ. ಬಾಯಿಬಿಟ್ಟು ಕೇಳಲು ನಾಚಿದವನು ಖಿಯಾನತ್ತಿಗೆ ನಾಚಲಿಲ್ಲ!

ಪ್ರವಾದಿ(ಸ)ರು ಕೈಚಾಚುವುದನ್ನು ಖಂಡಿಸಿದ್ದಾರೆ, ನಿಜ. ಆದರೆ ಅದು ದುಡಿಯದೆ ಬೇಡುವವನ ವಿಷಯ. ಸಂಬಳ ಹಾಗಲ್ಲ. ಅದು ಇಜಾರಾ, ಇಬ್ಬರ ನಡುವಿನ ಕರಾರು. ಕುರ್‌ಆನಿನ ಸೂರಃ ಅಲ್ ಕಸಸ್‌ನಲ್ಲಿ ಮದ್‌ಯನ್‌ನ ವೃದ್ಧರು ಮತ್ತು ಮೂಸಾ(ಅ)ರ ನಡುವಿನ ಮಾತುಕತೆ ಇದೆ. ಎಂಟು ವರ್ಷದ ಕೆಲಸ, ಹತ್ತು ಪೂರೈಸಿದರೆ ಅದು ನಿನ್ನ ಔದಾರ್ಯ, ನಿನಗೆ ಕಷ್ಟ ಕೊಡುವ ಇರಾದೆ ನನಗಿಲ್ಲ ಎಂದು ವೃದ್ಧರು ಮೊದಲೇ ಹೇಳಿದರು. ಎರಡರಲ್ಲಿ ಯಾವ ಅವಧಿ ಮುಗಿಸಿದರೂ ನನ್ನ ಮೇಲೆ ಒತ್ತಾಯ ಇರಬಾರದು ಎಂದು ಮೂಸಾ(ಅ)ರೂ ಹೇಳಿದರು. ಆಗ ಅವರು ಪರವೂರಿನಲ್ಲಿ ನೆಲೆಯಿಲ್ಲದ ಮನುಷ್ಯ, ಎದುರಿಗಿದ್ದವರು ಮುಂದೆ ಮಾವನಾಗುವವರು. ಸಂಕೋಚಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಇನ್ನು ಅಬೂಬಕರ್ ಸಿದ್ದೀಕ್(ರ)ರನ್ನು ನೋಡಿ. ಅವರು ಬಟ್ಟೆ ವ್ಯಾಪಾರಿ. ಖಲೀಫರಾದ ಮೇಲೂ ಬಟ್ಟೆ ಹೊತ್ತು ಪೇಟೆಗೆ ಹೊರಟಿದ್ದರು. ದಾರಿಯಲ್ಲಿ ಎದುರಾದ ಉಮರ್(ರ) ಮತ್ತು ಅಬೂ ಉಬೈದಾ(ರ) ಅವರನ್ನು ತಡೆದು, ಬೈತುಲ್ ಮಾಲ್‌ನಿಂದ ವೇತನ ನಿಗದಿಯಾಗುವಂತೆ ಮಾಡಿದರು. ಇಬ್ನು ಸಅದ್‌ರ ಗ್ರಂಥದ ಒಂದು ವರದಿಯಂತೆ, ಮೊದಲು ಗೊತ್ತಾದದ್ದು 2000 ದಿರ್ಹಮ್. ನನಗೆ ಕುಟುಂಬವಿದೆ, ನೀವು ನನ್ನನ್ನು ವ್ಯಾಪಾರದಿಂದ ಬಿಡಿಸಿದ್ದೀರಿ, ಇನ್ನಷ್ಟು ಸೇರಿಸಿ ಎಂದು ಅವರು ಕೇಳಿದರು. 500 ಹೆಚ್ಚಾಯಿತು. ಅಬೂಬಕರ್(ರ)ರಿಗಿಂತ ಹೆಚ್ಚಿನ ತವಕ್ಕುಲ್ ನಮ್ಮ ಪೇಟೆಯಲ್ಲಿ ಯಾರಿಗಿದೆ? ಅವರು ಕೇಳಿದ ರೀತಿಯನ್ನೂ ಗಮನಿಸಿ. ಗೋಳಾಡಲಿಲ್ಲ, ಹಂಗಿಸಲಿಲ್ಲ. ಕಾರಣ ಹೇಳಿದರು, ಕೇಳಿದರು.

ಒಂದು ವ್ಯತ್ಯಾಸ ತಿಳಿದಿರಬೇಕು. ಒಪ್ಪಿಕೊಂಡ ಸಂಬಳ ಬಾಕಿಯಿದ್ದರೆ ಅದು ಸಾಲ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. ಸಂಬಳ ಏರಿಕೆ ಹಾಗಲ್ಲ, ಅದು ಹೊಸ ಕರಾರು. ಧಣಿ ಆಗುವುದಿಲ್ಲ ಎನ್ನಬಹುದು, ನೀವು ಬೇರೆ ಕೆಲಸ ನೋಡಬಹುದು, ಇಬ್ಬರೂ ಪಾಪಿಗಳಲ್ಲ. ಆದರೆ ಸರಕಾರ ಒಂದೊಂದು ಉದ್ಯೋಗಕ್ಕೂ ಕನಿಷ್ಠ ವೇತನ ಗೊತ್ತುಮಾಡಿದೆ, ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಅದಕ್ಕಿಂತ ಕಡಿಮೆ ಪಡೆಯುವವನು ಕೇಳುವುದು ಏರಿಕೆಯನ್ನಲ್ಲ, ಹಕ್ಕನ್ನು. (ಬೋಟಿನವರದು ಪಾಲಿನ ಲೆಕ್ಕ. ಅದರ ತಕರಾರುಗಳೇ ಬೇರೆ, ಇನ್ನೊಂದು ಜುಮಾದಲ್ಲಿ ನೋಡೋಣ.)

ಕೇಳುವವರಿಗೆ ಎರಡು ಮಾತು. ಗಿರಾಕಿಗಳ ಎದುರು ಕೇಳಬೇಡಿ. ರಮಝಾನಿನ ಕೊನೆಯ ಹತ್ತು ದಿನ, ಅಂಗಡಿ ತುಂಬಿ ತುಳುಕುವಾಗ, ಈಗ ಕೊಡದಿದ್ದರೆ ಹೊರಟೆ ಎನ್ನಬೇಡಿ. ಅದು ಕೇಳುವುದಲ್ಲ, ಕತ್ತು ಹಿಡಿಯುವುದು. ಈದ್ ಮುಗಿದು ಲೆಕ್ಕ ಆದ ಮೇಲೆ ಹೋಗಿ. ಸೇರಿದಾಗ ಯಾವ ಕೆಲಸವಿತ್ತು, ಈಗ ಏನೇನು ನಿಮ್ಮ ತಲೆಯ ಮೇಲಿದೆ ಎಂದು ಹೇಳಿ. ಇಲ್ಲದ ಕೆಲಸವನ್ನು ತೋರಿಸಿ, ದುಬೈಯಿಂದ ಕರೆ ಬಂದಿದೆ ಎಂದು ಸುಳ್ಳು ಹೇಳಿ ಹೆಚ್ಚಿಸಿಕೊಂಡ ಸಂಬಳದಲ್ಲಿ ಬರಕತ್ ಹುಡುಕಬೇಡಿ.

ಧಣಿಗಳೇ, ಈಗ ನಿಮ್ಮ ಕಡೆಗೆ ಬರುತ್ತೇವೆ. ಕೆಲಸಗಾರನಿಗೆ ಸಬ್ರ್ ಬೋಧಿಸುವುದು ನಮ್ಮಂಥವರಿಗೆ ಸುಲಭ, ಏಕೆಂದರೆ ಮಿಂಬರ್‌ಗೆ ಕಾರ್ಪೆಟ್ ಹಾಕಿಸುವವನು ಅವನಲ್ಲ. ಆದರೂ ಹೇಳಲೇಬೇಕು. ವರ್ಷವಿಡೀ ಕಡಿಮೆ ಸಂಬಳ ಕೊಟ್ಟು, ರಮಝಾನಿನಲ್ಲಿ ಅದೇ ಕೆಲಸಗಾರನ ಕೈಗೆ ಝಕಾತಿನ ಲಕೋಟೆ ಇಟ್ಟು, "ಎಲ್ಲ ಸೇರಿಸಿದರೆ ನಿನಗೆ ಕಮ್ಮಿಯೇನಿಲ್ಲ" ಎನ್ನುವ ರೂಢಿ ಕೆಲವೆಡೆ ಇದೆ. ಇದು ಸಲ್ಲದು. ಅರ್ಹ ಬಡವನಾಗಿದ್ದರೆ ಕೆಲಸಗಾರನಿಗೆ ಝಕಾತ್ ಕೊಡಬಹುದು. ಆದರೆ ದುಡಿಮೆಯ ಬೆಲೆಯಾಗಿ, ಸಂಬಳದ ಬದಲಿಗೆ ಕೊಟ್ಟರೆ ಆ ಝಕಾತ್ ಸಂದಾಯವಾಗುವುದಿಲ್ಲ. ಎರಡೂವರೆ ಶೇಕಡಾ ನಿಮ್ಮ ಮೇಲಿರುವ ಬಡವರ ಹಕ್ಕು. ಅದನ್ನು ಕೊಟ್ಟು ನಿಮ್ಮ ಅಂಗಡಿಯ ಖರ್ಚು ಉಳಿಸಿಕೊಂಡರೆ ಕೊಟ್ಟದ್ದು ಯಾರಿಗೆ? ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವನು ನಾಳೆ ಕೆಲಸ ಬಿಟ್ಟು ಎದುರಿನ ಅಂಗಡಿಗೆ ಸೇರಿದರೂ ಈ ಲಕೋಟೆ ಅವನ ಮನೆಗೆ ಹೋಗುತ್ತದೆಯೇ? ಇಲ್ಲ ಎಂದಾದರೆ ಅದು ಸಂಬಳ. ಝಕಾತನ್ನು ಬೇರೆಯಾಗಿ ಲೆಕ್ಕಹಾಕಿ ಕೊಡಿ.

ಆಸ್ಪತ್ರೆಗೆ ಕೊಟ್ಟ ನೆರವನ್ನು ಸಂಬಳದ ಮಾತು ಬಂದಾಗ ನೆನಪಿಸಬೇಡಿ. ಎತ್ತಿಯಾಡಿದರೆ ಸದಕಾ ವ್ಯರ್ಥವಾಗುತ್ತದೆಂದು ಸೂರಃ ಅಲ್ ಬಕರಃ ಎಚ್ಚರಿಸಿದೆ. ವ್ಯಾಪಾರ ನಿಜವಾಗಿ ಕುಸಿದಿದ್ದರೆ ಲೆಕ್ಕ ತೋರಿಸಿ. ವಾರದ ರಜೆ, ರಾತ್ರಿ ಬೇಗ ಬಿಡುವುದು ಹೀಗೆ ನಿಮ್ಮ ಕೈಲಾಗುವುದನ್ನು ಹೇಳಿ. ನೋಡೋಣ ಎಂದು ಮೂರು ವರ್ಷ ತಳ್ಳಬೇಡಿ.

ಮಸೀದಿ ಕಮಿಟಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮೊದಲ ಸಫ್‌ನಲ್ಲಿ ಕುಳಿತವರು ನಗುತ್ತಿದ್ದೀರಿ, ಆದರೆ ನಾವು ಇಮಾಮರ ವಿಷಯ ಎತ್ತುತ್ತಿಲ್ಲ. ಫಜ್ರ್‌ಗೆ ಮೊದಲೇ ಎದ್ದು ಬಾಗಿಲು ತೆರೆಯುವ ಮುಅದ್ದಿನ್‌ಗೆ ಎಷ್ಟು ಕೊಡುತ್ತಿದ್ದೀರಿ, ಕೊನೆಯ ಬಾರಿ ಏರಿಸಿದ್ದು ಯಾವಾಗ ಎಂದು ಈ ತಿಂಗಳ ಸಭೆಯಲ್ಲಿ ರಿಜಿಸ್ಟರ್ ತೆಗೆದು ನೋಡಿ. ಅವರು ತಾವಾಗಿ ಕೇಳುವವರಲ್ಲ.

ಸಾಲದ ವ್ಯವಹಾರವನ್ನು ಬರೆದಿಡಲು ಕುರ್‌ಆನ್ ಆದೇಶಿಸಿದೆ. ಕೆಲಸದ ಕರಾರಿಗೂ ಅದೇ ಒಳ್ಳೆಯದು. ಸಂಬಳ ಎಷ್ಟು, ಎಷ್ಟು ಹೊತ್ತಿನ ಕೆಲಸ, ಮತ್ತೆ ಯಾವ ತಿಂಗಳಲ್ಲಿ ಮಾತಾಡುವುದು, ಇಷ್ಟು ಒಂದು ಹಾಳೆಯಲ್ಲಿದ್ದರೆ ಸಾಕು. ಬರೆಯಲು ಬಾರದವರು ಧಣಿಯನ್ನೂ ಕರೆದುಕೊಂಡು ಅಸರ್ ನಮಾಝಿನ ಬಳಿಕ ಬನ್ನಿ. ಕನ್ನಡದಲ್ಲೋ ಉರ್ದುವಿನಲ್ಲೋ ನಾವೇ ಬರೆದುಕೊಡುತ್ತೇವೆ. ಸಾಕ್ಷಿಗೆ ಇಬ್ಬರು ಇಲ್ಲೇ ಸಿಗುತ್ತಾರೆ.