ಕೋಳಿಗೆ ಎಂಜಲಲ್ಲ, ತಿಪ್ಪೆ ಬೇಕು

ಇಯರ್‌ಫೋನ್ ಹಾಕ್ಕೊಂಡು ಹೊಸೂರು ರೋಡ್ ಟ್ರಾಫಿಕ್ಕಲ್ಲಿ ನಿಂತಿರೋರಿಗೆ ಒಂದು ನಮಸ್ಕಾರ. ಇವತ್ತು ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳ್ತೀನಿ.

ಆನೇಕಲ್ ಹತ್ರ ನಮಗೆ ಮೂವತ್ತು ಗುಂಟೆ ಜಮೀನಿದೆ. ರಾಗಿ ಬೆಳೀತೀವಿ, ಎರಡು ಹಸು ಇವೆ. ಅಮ್ಮ ಚೀಟಿ ಎತ್ತಿದ ದುಡ್ಡಲ್ಲಿ ನಲವತ್ತು ಗಿರಿರಾಜ ಮರಿ ತಂದ್ವಿ. ಗಿರಿರಾಜ ಅಂದ್ರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಲ್ಲಿ ಸಾಕೋದಕ್ಕೆ ಅಂತ ಅಭಿವೃದ್ಧಿಪಡಿಸಿದ ತಳಿ.

ನಾನು ಬಿ.ಕಾಂ. ಓದಿದವನು, ಮೊದಲು ನೋಡಿದ್ದೇ ಲೆಕ್ಕ. ಕೋಳಿ ಸಾಕಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚು ಫೀಡ್‌ಗೇ ಹೋಗುತ್ತೆ. ಮೊಟ್ಟೆ ಇಡೋ ಕೋಳಿ ದಿನಕ್ಕೆ ನೂರು ಗ್ರಾಂ ಮೇಲೆ ತಿನ್ನುತ್ತೆ. ಈ ಕಡೆ ಎಲೆಕ್ಟ್ರಾನಿಕ್ ಸಿಟಿ ಸುತ್ತ ಎಷ್ಟೊಂದು ಪಿ.ಜಿ.ಗಳು, ದಿನಾ ರಾತ್ರಿ ಡ್ರಮ್ ತುಂಬ ಮಿಕ್ಕಿದ ಅನ್ನ. ಒಂದು ಪಿ.ಜಿ.ಯಲ್ಲಿ ಕೇಳ್ದೆ, "ತಗೊಂಡ್ಹೋಗಿ ಬ್ರೋ" ಅಂದ್ರು. ಎಕ್ಸೆಲ್ ಶೀಟಲ್ಲಿ ಫೀಡ್ ಖರ್ಚಿನ ಜಾಗದಲ್ಲಿ ಸೊನ್ನೆ ಹಾಕ್ದೆ. ತುಂಬ ಖುಷಿಯಾಗಿತ್ತು.

ಅಜ್ಜಿ ಮಾತ್ರ ಡ್ರಮ್ ಮೂಸಿ ನೋಡಿ, "ಇದನ್ನ ನೀನು ತಿಂತೀಯೇನೋ?" ಅಂದ್ರು. ನಾನು ನಕ್ಕು ಸುಮ್ಮನಾದೆ.

ಬೇಸಿಗೆಯ ಒಂದು ಬೆಳಗ್ಗೆ ಗೂಡಿನ ಬಾಗಿಲು ತೆಗೆದ್ರೆ ಹನ್ನೊಂದು ಕೋಳಿ ಸತ್ತು ಬಿದ್ದಿದ್ವು. ಪಶುವೈದ್ಯರು ಬಂದು ಎರಡೇ ಪ್ರಶ್ನೆ ಕೇಳಿದ್ರು: "ಏನು ಹಾಕಿದ್ರಿ? ನೀರೆಷ್ಟಿತ್ತು?" ಹಾಕಿದ್ದು ಬೂಷ್ಟು ಹಿಡಿದ ಅನ್ನ, ಉಪ್ಪಿನ ಸಾಂಬಾರು. ನೀರಿನ ತಟ್ಟೆ ರಾತ್ರಿಯೇ ಖಾಲಿಯಾಗಿತ್ತು. ಉಪ್ಪು ಹೆಚ್ಚಾಗಿ ನೀರು ಸಿಗದಿದ್ರೆ ಕೋಳಿಗೆ ಅದು ವಿಷ. ಬೂಷ್ಟಿನಲ್ಲೂ ವಿಷ ಇರುತ್ತೆ. ಅಮ್ಮ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಎಂಜಲು ತಿನ್ನಿಸೋದು ಸಣ್ಣ ವಿಷಯ ಅಲ್ಲ ಅಂತ ಆಮೇಲೆ ಓದಿ ತಿಳ್ಕೊಂಡೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿದ್ದಕ್ಕೆ, ಸರಿಯಾಗಿ ಬೇಯಿಸದ ಎಂಜಲು ಹಾಕಿದ್ದ ಒಂದು ಹಂದಿ ಫಾರಂ ಕಡೆಗೇ ಬೆರಳು ತೋರಿಸಿದ್ರು. ಅದೇ ವರ್ಷ ಅಲ್ಲಿ ಎಂಜಲು ತಿನ್ನಿಸೋದನ್ನ ನಿಷೇಧಿಸಿದ್ರು.

ಹಾಗಾದ್ರೆ ಹಸಿ ಕಸ ಕೋಳಿಗೆ ಉಪಯೋಗಕ್ಕೆ ಬರಲ್ವಾ? ಬರುತ್ತೆ. ಆದ್ರೆ ಮಧ್ಯದಲ್ಲಿ ತಿಪ್ಪೆ ಇರ್ಬೇಕು. ಅಜ್ಜಿ ಕಾಲದಲ್ಲಿ ಕೋಳಿಗೆ ಯಾರೂ ತಟ್ಟೆಯಲ್ಲಿ ಊಟ ಇಡ್ತಿರಲಿಲ್ಲ. ಅದು ತಿಪ್ಪೆ ಕೆದಕಿ ಹುಳ ಹೆಕ್ಕಿ ತಿಂತಿತ್ತು.

ಈಗ ನಾವು ಮಾಡೋದೂ ಅದನ್ನೇ. ಅಡುಗೆಯಾದ ಊಟ, ಮಾಂಸ, ಮೂಳೆ ಏನೂ ತರಲ್ಲ. ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ ಮಾತ್ರ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣಗಿದ ಎಲೆ, ಮೇಲೆ ಒಂದಿಷ್ಟು ಸಗಣಿ. ರಾಶಿ ಸರಿಯಾಗಿದ್ರೆ ಒಳಗೆ 55 ಡಿಗ್ರಿ ಮೇಲೆ ಬಿಸಿಯಾಗುತ್ತೆ. ಆ ಬಿಸಿ ಕೆಲವು ದಿನ ನಿಂತ್ರೆ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ. ಆರಿದ ಮೇಲೆ ಎರೆಹುಳ, ನೊಣದ ಮರಿಹುಳ ಎಲ್ಲ ತುಂಬ್ಕೊಳ್ತವೆ. ಆಗ ಕೋಳಿ ಬಿಡ್ತೀವಿ. ಅಪಾರ್ಟ್‌ಮೆಂಟ್ ಕಾಂಪೋಸ್ಟ್ ಡಬ್ಬಿಯಲ್ಲಿ ದಪ್ಪ ಹುಳ ನೋಡಿ ನೀವು ಕಿರುಚಿರ್ತೀರಲ್ಲ, ಸಾಮಾನ್ಯವಾಗಿ ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕೋಳಿಗೆ ಅದು ಒಳ್ಳೆ ಪ್ರೋಟೀನ್.

ಹುಳ ಒಂದರಿಂದಲೇ ಹೊಟ್ಟೆ ತುಂಬಲ್ಲ. ರಾಗಿ, ಮುಸುಕಿನ ಜೋಳ, ಸ್ವಲ್ಪ ಫೀಡ್ ಕೊಡ್ತೀವಿ. ಮೊಟ್ಟೆಚಿಪ್ಪು ಗಟ್ಟಿಯಾಗೋಕೆ ಸುಣ್ಣದಂಶ ಬೇಕು. ನೀರು ಯಾವಾಗ್ಲೂ ಇರ್ಬೇಕು. ಊರಲ್ಲಿ ಕೊಕ್ಕರೆ ರೋಗ ಅಂತಾರಲ್ಲ, ಆ ರಾಣಿಖೇತ್ ಲಸಿಕೆ ತಪ್ಪಿಸಲ್ಲ.

ಈಗ ನನ್ನ ಶೀಟಲ್ಲಿ ಫೀಡ್ ಖರ್ಚು ಸೊನ್ನೆ ಇಲ್ಲ, ಮೊದಲಿಗಿಂತ ಕಮ್ಮಿ ಇದೆ ಅಷ್ಟೇ. ಆದ್ರೆ ಕೋಳಿಗಳು ಕೆದಕಿ ಕೆದಕಿ ರಾಶಿ ತಿರುವಿ ಹಾಕ್ತವೆ, ಆ ಗೊಬ್ಬರ ಚೆನ್ನಾಗಿ ಕೊಳೆತ ಮೇಲೆ ರಾಗಿ ಹೊಲಕ್ಕೆ ಹೋಗುತ್ತೆ. ಅದನ್ನ ಬರೆಯೋಕೆ ನನ್ನ ಶೀಟಲ್ಲಿ ಮೊದಲು ಕಾಲಮ್ಮೇ ಇರಲಿಲ್ಲ.

ಕೇಳ್ತಿರೋ ನಿಮಗೆ ಒಂದೇ ಮಾತು. ಕಸ ಬೇರೆ ಮಾಡಿ ಕೊಡ್ಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ವು. ಸಿಪ್ಪೆ ಜೊತೆ ಒಂದು ಪ್ಲಾಸ್ಟಿಕ್ ಪ್ಯಾಕೆಟ್ ಎಸೆದ್ರೆ, ಅದು ಯಾವುದೋ ಹಸು, ಕೋಳಿ ಹೊಟ್ಟೆಗೆ ಹೋಗ್ಬಹುದು. ಇವತ್ತು ಮನೆಗೆ ಹೋದ ಮೇಲೆ ಆ ಡಬ್ಬಿ ಒಂದ್ಸಲ ನೋಡಿ.

ಮುಂದಿನ ವಾರ ಸಿಗೋಣ.