ಸಸಿ ಮೊದಲು ಮನೆಯೊಳಗೆ, ಆಮೇಲೆ ಹಿತ್ತಲಿಗೆ

ಇವತ್ತು ತರಕಾರಿ ಸಸಿ ಬೆಳೆಸೋದರ ಬಗ್ಗೆ ಮಾತಾಡೋಣ. ಮೊದಲ ಸಲ ಕೈತೋಟ ಮಾಡುವವರಿಗಾಗಿ ಈ ಮಾತು.

ಸಸಿಯನ್ನು ಮನೆಯೊಳಗೆ ಯಾಕೆ ಬೆಳೆಸಬೇಕು? ಉದಕಮಂಡಲದಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಹಿಮ ಬೀಳುತ್ತೆ. ಬೆಳಿಗ್ಗೆ ನೋಡಿದರೆ ಎಳೆ ಟೊಮೆಟೊ ಸಸಿ ಸುಟ್ಟ ಹಾಗೆ ಕಪ್ಪಾಗಿರುತ್ತೆ. ಗೂಡಲೂರಿನಲ್ಲಿ ಜೂನ್, ಜುಲೈ ಮಳೆ ಬೀಜವನ್ನೇ ಕೊಚ್ಚಿಕೊಂಡು ಹೋಗುತ್ತೆ. ಮಸಿನಗುಡಿಯಲ್ಲಿ ಬೇಸಿಗೆ ಬಿಸಿಲಿಗೆ ಮೊಳಕೆ ಬಾಡುತ್ತೆ. ಮೂರು ಊರು, ಮೂರು ಕಷ್ಟ. ಉಪಾಯ ಒಂದೇ: ಮೊದಲ ಒಂದು ತಿಂಗಳು ಸಸಿ ಮನೆಯೊಳಗೆ ಇರಲಿ.

ಬೀಜ ಕೊಳ್ಳುವಾಗ ಪೊಟ್ಟಣದ ಮೇಲಿನ ಚೀಟಿ ಓದಿ. ಚೀಟಿ ತಮಿಳಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಅಂಕಿ ಓದಲು ನಿಮಗೆ ಬರುತ್ತೆ. ಎರಡು ಅಂಕಿ ನೋಡಿ. ಒಂದು, ಎಷ್ಟನೇ ತಾರೀಖಿನವರೆಗೆ ಬೀಜ ಬಿತ್ತಬಹುದು. ಎರಡು, ನೂರಕ್ಕೆ ಎಷ್ಟು ಮೊಳೆಯುತ್ತೆ. ಟೊಮೆಟೊಗೆ ಕನಿಷ್ಠ 70 ಇರಬೇಕು. ತಾರೀಖು ದಾಟಿದ್ದರೆ ಕೊಳ್ಳಬೇಡಿ. ನಿಮ್ಮ ದುಡ್ಡು ಉಳಿಯುತ್ತೆ. ಬೀಜಕ್ಕೆ ಬಣ್ಣ ಹಚ್ಚಿದ್ದರೆ ಅದು ಔಷಧಿ, ಮಕ್ಕಳ ಕೈಗೆ ಕೊಡಬೇಡಿ. ಬಿತ್ತಿದ ಮೇಲೆ ಕೈ ತೊಳೆಯಿರಿ.

ಪ್ಲಾಸ್ಟಿಕ್ ಲೋಟ ಬೇಡ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಅದಕ್ಕೆ ನಿಷೇಧ ಇದೆ. ತೆಂಗಿನ ಕರಟ ಸಾಕು. ನೀರು ಬಸಿಯಲು ತಳಕ್ಕೆ ತೂತು ಮಾಡಿ. ಮಣ್ಣು, ಮರಳು, ಕಳಿತ ಗೊಬ್ಬರ ಸಮ ಬೆರೆಸಿ ತುಂಬಿ. ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿ, ನೀರು ಚಿಮುಕಿಸಿ.

ಮೊಳೆಯುವವರೆಗೆ ಬೆಚ್ಚಗಿರಬೇಕು. ಒಲೆಯಿಂದ ಸ್ವಲ್ಪ ದೂರ ಇಡಿ. ಮೊಳಕೆ ಕಂಡ ದಿನವೇ ಕಿಟಕಿ ಹತ್ತಿರ ಇಡಿ. ಕತ್ತಲಲ್ಲಿ ಬಿಟ್ಟರೆ ಸಸಿ ಬಿಳಿಚಿಕೊಂಡು ಉದ್ದಕ್ಕೆ ಬೆಳೆದು ಬಾಗುತ್ತೆ. ದಿನಾ ಕರಟ ತಿರುಗಿಸಿ ಇಡಿ. ಮೇಲ್ಮಣ್ಣು ಒಣಗಿದರೆ ಮಾತ್ರ ನೀರು ಕೊಡಿ. ನೀರು ಹೆಚ್ಚಾದರೆ ಬುಡ ಕೊಳೆತು ಸಸಿ ಬೀಳುತ್ತೆ.

ನಾಲ್ಕೈದು ಎಲೆ ಬಂದ ಮೇಲೆ ತಕ್ಷಣ ಹೊರಗೆ ನೆಡಬೇಡಿ. ಒಂದು ವಾರ ಅಭ್ಯಾಸ ಮಾಡಿಸಿ. ಮೊದಲ ದಿನ ಎರಡು ಗಂಟೆ ನೆರಳಲ್ಲಿ ಇಡಿ. ದಿನದಿನಕ್ಕೆ ಹೊತ್ತು ಹೆಚ್ಚಿಸಿ, ಸ್ವಲ್ಪ ಸ್ವಲ್ಪ ಬಿಸಿಲು ತೋರಿಸಿ. ರಾತ್ರಿ ಒಳಗೆ ತನ್ನಿ. ನಾಟಿ ಸಂಜೆ ಹೊತ್ತು ಮಾಡಿ. ಎಲೆಕೋಸು ಚಳಿ ತಡೆಯುತ್ತೆ. ಟೊಮೆಟೊ, ಬದನೆ, ಮೆಣಸಿನ ಗಿಡ ತಡೆಯಲ್ಲ. ಹಿಮ ನಿಂತ ಮೇಲೆ ಇವನ್ನು ನೆಡಿ. ಕ್ಯಾರೆಟ್, ಮೂಲಂಗಿ ಬೀಜವನ್ನು ಮಾತ್ರ ನೇರ ಮಣ್ಣಿಗೇ ಹಾಕಿ. ಕಿತ್ತು ನೆಟ್ಟರೆ ಗೆಡ್ಡೆ ಸೊಟ್ಟಗಾಗುತ್ತೆ.

ಈಗ ನಿಮಗೊಂದು ಕೆಲಸ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆಯಿರಿ: ಬಿತ್ತಿದ ದಿನ, ಮೊಳೆತ ದಿನ, ನೆಟ್ಟ ದಿನ, ನಿಮ್ಮ ಊರಲ್ಲಿ ಕೊನೆಯ ಹಿಮ ಬಿದ್ದ ದಿನ. ಹಿಮ ಬೀಳದ ಊರಿನವರು ಜೋರು ಮಳೆ ಶುರುವಾದ ದಿನ ಬರೆಯಿರಿ. ಮುಂದಿನ ವರ್ಷ ಯಾವಾಗ ಬಿತ್ತೋದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ನಿಮ್ಮ ಕೈಬರಹವೇ ನಿಮಗೆ ಹೇಳುತ್ತೆ.